ನನ್ನ ಫೀ, ಅಪ್ಪನ ಫೋನು

ಕೈಯಲ್ಲಿ ದುಡ್ಡು ಕಡಿಮೆ ಇದ್ದಷ್ಟೂ ಅದರ ಸುದ್ದಿ ಹೆಚ್ಚು ಜನರಿಗೆ ಮುಟ್ಟುತ್ತದೆ. ಇದು ನನಗೆ ಬೆಳಗಾವಿಗೆ ಓದಲು ಬಂದ ಮೇಲೆ ತಿಳಿಯಿತು, ತಿಂಗಳಿಗೊಮ್ಮೆಯಾದರೂ ಮತ್ತೆ ತಿಳಿಯುತ್ತಲೇ ಇದೆ. ಖಾನಾಪುರದಲ್ಲಿ ಶಾಲೆಗೆ ಹೋಗುವಾಗ ತೆಗೆಸಿದ ಬ್ಯಾಂಕ್ ಖಾತೆಯೇ ಈಗಲೂ ನನ್ನದು. ಅದಕ್ಕೆ ಕೊಟ್ಟ ಫೋನ್ ನಂಬರು ಅಪ್ಪನದು. ಬದಲಾಯಿಸಬೇಕೆಂದರೆ ಬ್ಯಾಂಕಿಗೆ ಹೋಗಿ ಯಾರ ಜೊತೆಗಾದರೂ ಮಾತಾಡಬೇಕು. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ "ಸೈಲೆನ್ಸ್" ಅಂದಾಗ ಪೂರ್ತಿ ಪಾಲಿಸಿದವಳು ನಾನೊಬ್ಬಳೇ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹಾಗಾಗಿ ಖಾತೆ ನನ್ನದು, ಮೆಸೇಜು ಅಪ್ಪನದು. ಈ ವರ್ಷದ ಫೀ ಹೇಗಾದರೂ ತುಂಬಿ ಪರೀಕ್ಷೆಗೆ ಕೂರಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಅಷ್ಟರಲ್ಲಿ ಇಷ್ಟೆಲ್ಲ ಆಯಿತು.

ಕೇಕ್

ಅಪ್ಪ ಖಾನಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಟೇಲರ್. ಇಂಗ್ಲಿಷ್ ಬರುವುದಿಲ್ಲ. ನನ್ನ ಖಾತೆಯ ಮೆಸೇಜು ಬಂದರೆ ಬಾಜು ಅಂಗಡಿಯ ವಾಚ್ ರಿಪೇರಿ ಚಾಚಾ ಓದಿ ಹೇಳುತ್ತಾರೆ. ಹೊಲಿಗೆ ಮಷಿನ್ ಸದ್ದಿನಲ್ಲಿ ಕೇಳಿಸಬೇಕಲ್ಲ, ಅದಕ್ಕೆ ಗಟ್ಟಿಯಾಗಿಯೇ ಓದುತ್ತಾರೆ.

ಒಂದು ಶನಿವಾರ ರೂಮ್‌ಮೇಟ್ ಹುಟ್ಟುಹಬ್ಬಕ್ಕೆ ಕ್ಯಾಂಪ್ ಏರಿಯಾದ ಬೇಕರಿಯೊಂದರಲ್ಲಿ ಕಾರ್ಡು ಉಜ್ಜಿ ಸಣ್ಣದೊಂದು ಕೇಕ್ ತಗೊಂಡೆ. ಮರುದಿನ ಊರಿಗೆ ಹೋದಾಗ ಅಂಗಡಿಯಲ್ಲಿ ಬ್ಲೌಸ್ ಅಳತೆ ಕೊಡುತ್ತ ನಿಂತಿದ್ದ ಹೆಂಗಸು, ಅವರ ಹೆಸರೂ ನನಗೆ ಗೊತ್ತಿಲ್ಲ, "ಕೇಕ್ ಚಲೋ ಇತ್ತೇನವಾ?" ಎಂದು ಕೇಳಿದರು.

ನಾನು ತಲೆಯಾಡಿಸಿದೆ.

"ಮುನ್ನೂರಾ ಇಪ್ಪತ್ತಕ್ಕ ಚಲೋ ಇರಾಕಽ ಬೇಕು ಬಿಡು," ಅಂದರು.

ತಪ್ಪದ ಸರ್ಕಾರ

ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆದಮೇಲೆ ಅವ್ವ ಆಗಾಗ ರೊಟ್ಟಿ, ಚಟ್ನಿಪುಡಿ ಹಿಡಿದು ಬೆಳಗಾವಿಗೆ ಬಂದುಬಿಡುತ್ತಾಳೆ. ಅಪ್ಪ ಬರುವುದಿಲ್ಲ. ಗಂಡಸರಿಗೆ ಟಿಕೆಟ್ ಇದೆ, ಆ ದುಡ್ಡು ಫೀಗೆ ಆಗುತ್ತದೆ ಅನ್ನುತ್ತಾನೆ. ಅವನೇ ಅಷ್ಟು ಉಳಿಸುವಾಗ ನಾನೂ ಏನಾದರೂ ಕೂಡಿಸೋಣವೆಂದು, ಶಿವಬಸವ ನಗರದ ನನ್ನ ರೂಮಿನ ಹಿಂದಿನ ಮನೆಯ ಹುಡುಗಿಗೆ ಇಂಗ್ಲಿಷ್ ಟ್ಯೂಷನ್ ಹೇಳತೊಡಗಿದೆ. ಮೊದಲ ದಿನವೇ ಖಾತೆ ನಂಬರು ಬರೆದುಕೊಟ್ಟಿದ್ದೆ.

ತಿಂಗಳುಗಳು ಕಳೆದವು. ದುಡ್ಡಿನ ಮಾತೇ ಇಲ್ಲ. ಆ ಹುಡುಗಿಯ ತಾಯಿ, ನಾನು ಕಾಕು ಅನ್ನುತ್ತೇನೆ, ದಿನಾ ಚಹಾ ಅವಲಕ್ಕಿ ಕೊಡುತ್ತಿದ್ದರು. ಇದೇ ಪಗಾರ ಇರಬೇಕು ಎಂದುಕೊಂಡು ನಾನು ಎರಡನೇ ಸಲವೂ ಹಾಕಿಸಿಕೊಳ್ಳುತ್ತಿದ್ದೆ. ಕೊನೆಗೆ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿಕೊಂಡು ಹೋಗಿ ಒಂದೇ ಉಸಿರಿಗೆ ಕೇಳಿಬಿಟ್ಟೆ. ಕಾಕು ಗಾಬರಿಯಾದರು. ಪ್ರತಿ ತಿಂಗಳೂ ಖಾತೆಗೆ ಹಾಕಿದ್ದಾರೆ. ಹಾಕಿದರೆ ಹೇಳುತ್ತಾರೆಂದು ನಾನು, ಮೆಸೇಜು ಬಂದಿರುತ್ತದೆಂದು ಅವರು.

ಮೆಸೇಜು ಬಂದಿತ್ತು, ಖಾನಾಪುರಕ್ಕೆ. ಅಪ್ಪ ಅದನ್ನು ಸರ್ಕಾರದ ಸ್ಕಾಲರ್‌ಶಿಪ್ ಎಂದು ತಿಳಿದು, ನನಗೆ ಗೊತ್ತೇ ಇರುತ್ತದೆಂದು ನನಗೊಬ್ಬಳಿಗೆ ಹೇಳದೆ, ಸಾಲಿನ ಅಂಗಡಿಗಳಿಗೆಲ್ಲ ಪೇಡೆ ಹಂಚಿ ಮುಗಿಸಿದ್ದ. ಚಾಚಾ ಒಬ್ಬರಿಗೇ ಮೊದಲಿನಿಂದಲೂ ಸಂಶಯವಂತೆ.

"ನಾ ಆಗಽ ಅಂದಿದ್ದೆ ಬೇಟಾ," ಅಂದರು. "ತಿಂಗಳಾ ತಿಂಗಳಾ ಬರೋಬ್ಬರಿ ಬರಾಕತ್ತೈತಿ ಅಂದ್ರ ಅದು ಸರ್ಕಾರದ್ದಲ್ಲ."

ಎರಡು ತೋಳಿನಷ್ಟು ಹೊತ್ತು

ಒಂದು ದಿನ ಅಪ್ಪನಿಗೆ ಹಿಂದಿಯಲ್ಲಿ ಫೋನ್ ಬಂತು. ಖಾತೆ ಬಂದ್ ಆಗಲಿದೆ, ಈಗ ಒಂದು ಓಟಿಪಿ ಬರುತ್ತದೆ, ಅದನ್ನು ಹೇಳಿ ಎಂದು. ಅಪ್ಪ ಬಹಳ ಮರ್ಯಾದಸ್ಥ. ಒಂದು ನಿಮಿಷ ತಡೀರಿ ಎಂದು ಫೋನನ್ನು ಮಷಿನ್ ಪಕ್ಕ ಇಟ್ಟು, ಅರ್ಜೆಂಟಿನ ಬ್ಲೌಸಿಗೆ ತೋಳು ಹಚ್ಚತೊಡಗಿದ. ಎರಡೂ ತೋಳು ಮುಗಿದು ಫೋನ್ ಎತ್ತಿದರೆ ಆ ಕಳ್ಳ ಬೇಸತ್ತು ಇಟ್ಟುಬಿಟ್ಟಿದ್ದ. ಪಾಪ, ಅಷ್ಟೊತ್ತು ಕಾಯಿಸಿದೆನಲ್ಲ ಎಂದು ಅಪ್ಪ ಕ್ಷಮೆ ಕೇಳಲು ತಾನೇ ಮತ್ತೆ ಮತ್ತೆ ಫೋನ್ ಮಾಡಿದ. ಕಳ್ಳ ಎತ್ತಲಿಲ್ಲ.

ವಿಷಯ ತಿಳಿದು ನಾನು ಊರಿಗೆ ಹೋಗಿ ನನ್ನ ಜೀವನದ ಅತಿ ಉದ್ದದ ಭಾಷಣ ಮಾಡಿದೆ. ಓಟಿಪಿ ಯಾರಿಗೂ ಹೇಳಬಾರದು, ತೋರಿಸಲೂಬಾರದು. ಬ್ಯಾಂಕಿನವರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ನನ್ನ ದನಿಯಲ್ಲೇ ಫೋನ್ ಬಂದರೂ ನಂಬಬೇಡ, ಈಗ ದನಿಯನ್ನೂ ನಕಲು ಮಾಡುತ್ತಾರೆ. ಅಪ್ಪ, ಚಾಚಾ ಇಬ್ಬರೂ ಕೈಕಟ್ಟಿ ಕೇಳಿದರು. ಅಂದಿನಿಂದ ಮೆಸೇಜಿನಲ್ಲಿ ಓಟಿಪಿ ಎಂಬ ಅಕ್ಷರ ಕಂಡರೆ ಸಾಕು, ಚಾಚಾ ಕಣ್ಣು ಮುಚ್ಚಿಕೊಂಡು ಫೋನ್ ವಾಪಸ್ ಕೊಡುತ್ತಾರೆ.

ಗಜ್ಜರಿ

ಮದುವೆ ಸೀಜನ್ನಿನ ಹೊಲಿಗೆ ದುಡ್ಡೆಲ್ಲ ಕೈಸೇರಿ, ಅಪ್ಪ ಖಾತೆಗೆ ಹಾಕುವಷ್ಟರಲ್ಲಿ ಫೀ ತುಂಬುವ ಕೊನೆಯ ದಿನ ಬಂದೇಬಿಟ್ಟಿತು. ನಾಲ್ಕಕ್ಕೆ ಕೌಂಟರ್ ಬಂದ್. ತುಂಬದಿದ್ದರೆ ಪರೀಕ್ಷೆ ಇಲ್ಲ. ನಗದು ತಗೊಳ್ಳುವುದಿಲ್ಲ, ಕಾರ್ಡು ಮಾತ್ರ. ಸಾಲಿನಲ್ಲಿ ನನ್ನ ಸರದಿ ಬಂದಾಗ ಎರಡು ಗಂಟೆ. ಕ್ಲರ್ಕ್ ಸರ್ ಕಾರ್ಡ್ ನಂಬರು ಹೊಡೆದು ಓಟಿಪಿ ಕೇಳಿದರು. ಅದು ಹೋಗಿದ್ದು ಖಾನಾಪುರಕ್ಕೆ. ಫೋನ್ ಹಚ್ಚಿದೆ. ಗದ್ದಲದಲ್ಲಿ ಏನೂ ಕೇಳಿಸುತ್ತಿಲ್ಲ, ಸ್ಪೀಕರ್‌ಗೆ ಹಾಕು ಅಂದರು ಸರ್. ಹಾಕಿದೆ.

"ಅಪ್ಪಾ, ಓಟಿಪಿ ಬಂದೈತಿ ನೋಡು. ಲಗೂನ ಹೇಳು."

ಅತ್ತ ಮಷಿನ್ ಸದ್ದು ನಿಂತಿತು. ಆಮೇಲೆ, ಹುಟ್ಟಿದಾಗಿನಿಂದ ನನಗೆ ಒಮ್ಮೆಯೂ ರೀ ಅನ್ನದ ಅಪ್ಪ, "ನೀವ್ಯಾರ್ರಿ ಮಾತಾಡೋದು?" ಅಂದ.

"ನಾನಽ ಅಪ್ಪಾ."

"ಹಂಗಂತ ಎಲ್ಲಾರೂ ಅಂತಾರ್ರಿ."

ಹಿಂದಿನಿಂದ ಚಾಚಾ ದನಿ: "ಹೇಳಬ್ಯಾಡ್ರಿ. ದನಿ ಭಾಳ ಅಸಲಿ ಐತಿ."

ಅಪ್ಪ ಯೋಚಿಸಿದ. "ನಮ್ಮ ಮಗಳು ನಾಲ್ಕನೇತ್ತಾ ಇದ್ದಾಗ ಸಾಲಿ ಗ್ಯಾದರಿಂಗಿನ್ಯಾಗ ಏನ ವೇಷ ಹಾಕಿದ್ಳು, ಹೇಳ್ರಿ ನೋಡೂಣು."

ನನ್ನ ಹಿಂದಿನ ಇಡೀ ಸಾಲು ಮುಂದಕ್ಕೆ ಬಾಗಿತು.

"ಗಜ್ಜರಿ," ಅಂದೆ.

"ಕೇಳಸಲಿಲ್ರಿ."

"ಗಜ್ಜರಿ ಆಗಿದ್ದೆ. ನೀನಽ ಕ್ಯಾರೆಟ್ ಬಣ್ಣದ ಡ್ರೆಸ್ ಹೊಲದಿದ್ದಿ. ಸ್ಟೇಜ್ ಮ್ಯಾಲೆ ಅತಗೋತ ಟೇಬಲ್ ಬುಡಕ ಹೋಗಿ ಕುಂತಿದ್ದೆ."

"ಖರೇ ಐತಿ," ಅಂದ ಅಪ್ಪ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಚಾಚಾ, "ಅದು ಖಾನಾಪುರದಾಗ ಎಲ್ಲಾರಿಗೂ ಗೊತ್ತೈತ್ರಿ," ಅಂದರು. ಫೋನ್ ಕಟ್ ಆಯಿತು. ಮತ್ತೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ಕ್ಲರ್ಕ್ ಸರ್ ನಗು ತಡೆದುಕೊಂಡು ಬಾಜು ನಿಲ್ಲಲು ಹೇಳಿದರು. ನಿಂತೆ. ಸಾಲು ಕರಗುತ್ತ ಹೋಯಿತು. ಹೋಗುವವರೆಲ್ಲ ನನ್ನನ್ನು ತರಕಾರಿ ನೋಡುವ ಹಾಗೆ ನೋಡಿ ಹೋದರು. ಒಂದು ವರ್ಷ ಹೋಯಿತು ಎಂದು ಅಳು ಬರುವುದರಲ್ಲಿತ್ತು. ಇನ್ನೇನು ನಾಲ್ಕಾಗಬೇಕು, ಬಾಗಿಲಲ್ಲಿ ಅಪ್ಪ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಫೋನು ಬಟ್ಟೆ ಚೀಲದಲ್ಲಿ, ಚೀಲದ ಬಾಯಿಗೆ ಗಂಟು. ಹತ್ತಿರ ಬಂದು ನನ್ನ ಮುಖ ಚೆನ್ನಾಗಿ ನೋಡಿದ. ಖಾತ್ರಿಯಾಯಿತು ಅನಿಸುತ್ತದೆ, ಗಂಟು ಬಿಚ್ಚಿದ.

ಕ್ಲರ್ಕ್ ಸರ್ ಮತ್ತೊಮ್ಮೆ ಒತ್ತಿದರು. ಫೋನ್ ಸದ್ದಾಯಿತು. ಅಪ್ಪ ಗೋಡೆ ಕಡೆ ತಿರುಗಿ, ಅಂಗೈ ಮರೆಮಾಡಿ, ಒಂದೊಂದೇ ಅಂಕಿಯನ್ನು ನನ್ನ ಕಿವಿಯಲ್ಲಿ ಊದಿದ. ಫೀ ತುಂಬಿದ್ದಾಯಿತು. ರಸೀದಿ ಬಂತು.

ಹೊರಗೆ ಚಹಾ ಕುಡಿಯುವಾಗ ಕೇಳಿದೆ: "ಅವ್ವನ ಕೈಯಾಗ ಫೋನ್ ಕೊಟ್ಟು ಕಳಿಸಿದ್ರ ಬಸ್ ಪುಕ್ಕಟೆ ಆಗತಿತ್ತಲ್ಲ ಅಪ್ಪಾ. ಅಂಗಡಿ ಮುಚ್ಚಿ, ಟಿಕೆಟ್ ತಗಸಿ ನೀ ಯಾಕ ಬಂದಿ?"

ಇಷ್ಟು ಓದಿದವಳಿಗೆ ಇದೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ಅಪ್ಪ ನನ್ನನ್ನು ನೋಡಿದ.

"ಯಾರಿಗೂ ತೋರಸಬ್ಯಾಡ ಅಂದಾಕಿ ನೀನಽ," ಅಂದ. "ಯಾರಿಗೂ ಅಂದಮ್ಯಾಲೆ ಅದರಾಗ ನಿಮ್ಮವ್ವಾನೂ ಬಂದ್ಳಲ್ಲ."