ಮಂಚದಂಗಡಿ ಮುಂದಿನ ಫುಟ್‌ಪಾತ್

ಪುರಸಭೆಯಲ್ಲಿ ನೋಟಿಸ್ ಹಂಚುವ ಕೆಲಸ ನನ್ನದು. ಬಂಗಾರಪೇಟೆಯಲ್ಲಿ ಫುಟ್‌ಪಾತ್ ಇರುವವರೆಗೆ ನನ್ನ ನಗುವಿಗೆ ಬರವಿಲ್ಲ. ಆದರೆ ಮಂಚದಂಗಡಿ ಯಜಮಾನರ ವಿಷಯದಲ್ಲಿ ಮೊದಲು ಬಂದದ್ದು ಸಿಟ್ಟು. ಫುಟ್‌ಪಾತ್ ತುಂಬ ಇಟ್ಟಿದ್ದ ಅವರ ಮಂಚಗಳನ್ನು ಸುತ್ತಿಕೊಂಡು ಹೋಗಲು ರಸ್ತೆಗಿಳಿದ ನಮ್ಮಮ್ಮನಿಗೆ ಆಟೋ ತಗುಲಿ, ಡೇರಿಗೆ ಒಯ್ಯುತ್ತಿದ್ದ ಹಾಲೆಲ್ಲ ಚೆಲ್ಲಿ, ಮಂಡಿ ಊದಿಕೊಂಡಿತ್ತು.

ಜಾಗ ಯಾರದು?

ಮೊದಲ ನೋಟಿಸ್: ಅಂಗಡಿ ಮುಂದಿನ ಫುಟ್‌ಪಾತ್ ಗುಡಿಸಿ ಚೊಕ್ಕಟವಾಗಿಡಿ.

"ಫುಟ್‌ಪಾತ್ ಪುರಸಭೇದು ಸಾರ್. ನಾನ್ಯಾಕೆ ಗುಡಿಸ್ಲಿ?" ಎಂದರು ಯಜಮಾನರು.

ಮರುವಾರ ಎರಡನೆಯದು: ಮಂಚ, ಸೋಫಾ ಒಳಗಿಡಿ.

"ನಮ್ಮಂಗಡಿ ಮುಂದ್ಲ ಜಾಗ ನಮ್ದಲ್ದೆ ಇನ್ಯಾರ್ದು? ನಮ್ ತಾತನ ಕಾಲದ್ದು ಸಾರ್!"

ಕಸ ಬಿದ್ದರೆ ಸರ್ಕಾರದ್ದು, ಮಂಚ ಹಾಕಿದರೆ ತಾತನದ್ದು.

ನೆರಳು

ಮೂರನೆಯ ನೋಟಿಸ್ ಹೊತ್ತಿಗೆ ಫುಟ್‌ಪಾತ್ ಮೇಲೆ ತಗಡಿನ ಚಪ್ಪರವೂ ಎದ್ದಿತ್ತು; ಅದನ್ನು ಇಳಿಸಿ ಎಂಬುದೇ ಆ ನೋಟಿಸ್.

"ಬಿಸಿಲಿಗೆ ಸೋಫಾ ಬಣ್ಣ ಓಯ್ತದೆ ಸಾರ್."

"ನಡೆಯೋರ ಗತಿ?"

"ಅವ್ರಿಗೇನು, ರೋಡ್ ಐತಲ್ಲ!" ಎಂದು ನನ್ನ ನೋಟಿಸನ್ನೇ ಮಡಚಿ ಗಾಳಿ ಹಾಕಿಕೊಂಡರು. "ಕಾಗ್ದ ಗಟ್ಟಿಗೈತೆ. ಇನ್ನೊಂದ್ ಕೊಡಿ, ನಮ್ಮನೆಯೋರ್ಗೂ ಆಯ್ತದೆ."

ಉದ್ಭವ

ನಾಳೆ ಜೆಸಿಬಿ ಬರುತ್ತದೆ ಎಂದು ಹೆದರಿಸಿದೆ. ಬಂತು ಕೂಡ. ನೋಡಿದರೆ ಫುಟ್‌ಪಾತ್ ನಡುವೆ ರುಬ್ಬುವ ಗುಂಡೊಂದು ಅರಿಶಿನ ಕುಂಕುಮ ಬಳಿದುಕೊಂಡು ಕೂತಿದೆ!

"ರಾತ್ರಿ ಉದ್ಭವ ಆಯ್ತು ಸಾರ್. ಈಗ ಮುಟ್ಟಿ ನೋಡಾನ!"

ಡ್ರೈವರ್ ಕೈಮುಗಿದು ಗಾಡಿ ತಿರುಗಿಸಿದ. ನಾನು ಮನೆಗೆ ಬಂದು ಅಮ್ಮನ ಮುಂದೆ ಗೋಳು ತೋಡಿಕೊಂಡೆ.

"ಅಂಗಾ? ದೇವ್ರು ಬಂದ್ಮೇಲೆ ಸುಮ್ನಿರಾಕಾಯ್ತದೇನ್ಲಾ?" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಡೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅಂಗಡಿ ಮುಂದೆ ನಿಂತಳು. "ಅಣ್ಣಾ, ದಿನಾ ಒಂಬತ್ ಸುತ್ತು ಅಂತ ಅರಕೆ ಒತ್ತೀವಿ. ಮಂಚ ಸರ್ಸು."

ಯಜಮಾನರು ಉಗುಳುವಂತಿಲ್ಲ, ನುಂಗುವಂತಿಲ್ಲ. ಮಂಚ ಒಳಗೆ ಹೋಯಿತು. ಮಾರನೆಯ ದಿನ, "ಇನ್ನೂ ಗುಡ್ಸಿಲ್ವೇನಣ್ಣಾ?" ಎಂದು ಕೇಳಿದಳು. ಪೊರಕೆ ಹೊರಗೆ ಬಂತು. ಶುಕ್ರವಾರ ಕ್ಯಾಸಂಬಳ್ಳಿ ಬಸ್ಸಿನಿಂದಲೂ ಭಕ್ತರು ಇಳಿದರು. ದೇವರ ಬೆನ್ನಿಗೆ ಸೋಫಾ ತಾಗುತ್ತದೆಂದು ಸೋಫಾ ಒಳಗೆ, ಕರ್ಪೂರದ ಹೊಗೆ ಕಟ್ಟುತ್ತದೆಂದು ತಗಡು ಕೆಳಗೆ. ನನ್ನ ಮೂರು ನೋಟಿಸೂ ಒಂದೇ ವಾರದಲ್ಲಿ ಜಾರಿಯಾದವು. ಅಮ್ಮ ಒಂಬತ್ತು ಸುತ್ತು ಮುಗಿಸಿ, ಫುಟ್‌ಪಾತ್ ಮೇಲೇ ನಿಧಾನವಾಗಿ ಡೇರಿಗೆ ಹೋಗತೊಡಗಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೂ ಒಂದು ಕಾಯಿ ಒಡೆದೆ.

ಕಡೆಗೆ ಯಜಮಾನರೇ ಪುರಸಭೆಗೆ ಬಂದರು. "ಸಾರ್, ಅದು ದೇವ್ರಲ್ಲ, ನಮ್ಮನೆ ಗುಂಡು. ನಾನೇ ಇಟ್ಟಿದ್ದು. ಯಾಪಾರ ಕೆಟ್ಟೋಯ್ತು, ಜೆಸಿಬಿ ಕಳ್ಸಿ ತೆಗ್ಸಿ ಸಾರ್!"

ನಾನು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು ಹೇಳಿದೆ: "ಹೇಗೆ ಆಗುತ್ತೆ ಯಜಮಾನ್ರೇ? ಅದು ನಿಮ್ಮ ತಾತನ ಜಾಗ!"