ನನ್ನ ಮೋಡೆಮ್ಮೂ ಭರಮಣ್ಣನ ಎಮ್ಮೆಯೂ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲು ಬರುವುದು ಸಿಟ್ಟೇ. ಇಡೀ ಓಣಿಗೆ ಒಂದೇ ಫೋನು ಇದ್ದ ಕಾಲದಲ್ಲಿ ಆ ಫೋನು ಅವರ ಮನೆಯಲ್ಲಿ ಇರಲಿಲ್ಲ ಎಂಬುದು ನನ್ನ ಗಟ್ಟಿ ಗುಮಾನಿ. ನಮ್ಮ ಮನೆಯಲ್ಲಿತ್ತು. ನಾನು ನಿಪ್ಪಾಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಶಾಂತಿ, ಸಮಾಧಾನಗಳ ಬಗ್ಗೆ ನನಗೂ ತಕ್ಕಮಟ್ಟಿಗೆ ಗೌರವವಿತ್ತು. ಅದನ್ನು ಕಳೆದುಕೊಂಡದ್ದು ಹೇಗೆಂದು ಹೇಳುತ್ತೇನೆ; ಓದಿದ ಮೇಲೆ ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. ನನ್ನದಂತೂ ಅಲ್ಲ.

ಕಾಲೇಜಿನಲ್ಲಿ ಸೂಚನಾ ಫಲಕದ ಉಸ್ತುವಾರಿಯನ್ನು ನನ್ನ ಕೊರಳಿಗೆ ಕಟ್ಟಿದ್ದರು. ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಕೀಲಿ ಸಿಪಾಯಿಯ ಹತ್ತಿರ, ಸಿಪಾಯಿ ಚಹಾದ ಅಂಗಡಿಯಲ್ಲಿ. ಪರೀಕ್ಷೆಯ ವೇಳಾಪಟ್ಟಿ ಒಳಗೆ ಸೇರುವ ಹೊತ್ತಿಗೆ ಪರೀಕ್ಷೆ ಮುಗಿಯುತ್ತ ಬಂದಿರುತ್ತಿತ್ತು. ಗಾಜಿನ ಹೊರಗೆ ಯಾರೋ ಕುಸ್ತಿಯ ಜಾಹೀರಾತು ಅಂಟಿಸಿ ಹೋಗಿರುತ್ತಿದ್ದರು. ಹುಡುಗರು ಅದನ್ನು ಮಾತ್ರ ಭಕ್ತಿಯಿಂದ ಓದುತ್ತಿದ್ದರು. ಇಂಥ ದಿನಗಳಲ್ಲೇ ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ‘ಬುಲೆಟಿನ್ ಬೋರ್ಡ್’ ಎಂಬ ಹೊಸ ಸಂಗತಿಯ ಬಗ್ಗೆ ಓದಿದೆ. ಮನೆಯ ಕಂಪ್ಯೂಟರಿಗೆ ಮೋಡೆಮ್ ಎಂಬ ಪೆಟ್ಟಿಗೆ ಜೋಡಿಸಿ, ಮೋಡೆಮ್ಮಿಗೆ ಫೋನಿನ ತಂತಿ ಸಿಕ್ಕಿಸಿಬಿಟ್ಟರೆ ಮುಗಿಯಿತು. ಬೇರೆ ಊರಿನವರು ತಮ್ಮ ಕಂಪ್ಯೂಟರಿನಿಂದ ಆ ನಂಬರಿಗೆ ಫೋನು ಹಚ್ಚಿದರೆ ನಮ್ಮ ಕಂಪ್ಯೂಟರ್ ತಾನೇ ಎತ್ತಿಕೊಳ್ಳುತ್ತದೆ. ಅವರು ಒಳಗೆ ಬಂದು ಸೂಚನೆಗಳನ್ನು ಓದಿ, ತಮ್ಮದೂ ನಾಲ್ಕು ಮಾತು ಬರೆದಿಟ್ಟು ಹೋಗುತ್ತಾರೆ. ಗಾಜಿಲ್ಲ, ಬೀಗವಿಲ್ಲ, ಸಿಪಾಯಿ ಇಲ್ಲ! ಓದುತ್ತಿದ್ದಂತೆ ನನ್ನ ಕಣ್ಣಲ್ಲಿ ನೀರಾಡಿತು.

ನನ್ನ ಹೆಂಡತಿ ಶೈಲಾಳ ಅಣ್ಣ ಪುಣೆಯಿಂದ ಮೋಡೆಮ್ ತಂದುಕೊಟ್ಟ. ಅದರ ಜೊತೆ ಬಂದ ಪುಸ್ತಕ ಬರೆದವನು ಎದುರಿಗೆ ಸಿಕ್ಕಿದ್ದರೆ ನಾನೀಗ ಹಿಂಡಲಗಾ ಜೈಲಿನಲ್ಲಿ ಕೂತು ಇದನ್ನು ಬರೆಯಬೇಕಾಗುತ್ತಿತ್ತು. ‘ಮೊದಲು ಐದನೆಯ ಅಧ್ಯಾಯ ನೋಡಿ’ ಎಂದು ಎರಡನೆಯ ಅಧ್ಯಾಯ ಹೇಳುತ್ತಿತ್ತು. ಐದನೆಯ ಅಧ್ಯಾಯ ‘ಎರಡನೆಯದರಲ್ಲಿ ವಿವರಿಸಿದಂತೆ’ ಎಂದು ಶುರುವಾಗುತ್ತಿತ್ತು. ಎಲ್ಲ ಸರಿಯಾಗಿ ಜೋಡಿಸಿದರೂ ಕಂಪ್ಯೂಟರ್ ತನಗೆ ಮೋಡೆಮ್ ಎಂಬ ವಸ್ತುವಿನ ಪರಿಚಯವೇ ಇಲ್ಲವೆಂದು ಸಾಧಿಸಿತು. ನಾನು ಅದಕ್ಕೆ ಕನ್ನಡದಲ್ಲಿ ಬೈದೆ, ಮರಾಠಿಯಲ್ಲಿ ಬೈದೆ. ಕೊನೆಗೆ ಮೇಜನ್ನು ಗುದ್ದಿದೆ. ಗುದ್ದಿದ್ದಕ್ಕೆ ಸಡಿಲಾಗಿದ್ದ ಕೇಬಲ್ಲು ಸರಿಯಾಗಿ ಕೂತುಕೊಂಡಿತೋ ಏನೋ, ಮೋಡೆಮ್ಮಿನ ಕೆಂಪು ದೀಪಗಳು ಮಿನುಗಿದವು. ಸಿಟ್ಟು ಒಳ್ಳೆಯದಲ್ಲ ಎನ್ನುವವರು ಇದನ್ನು ಗಮನಿಸಬೇಕು. ನನ್ನ ಫಲಕಕ್ಕೆ ‘ನಿಪ್ಪಾಣಿ ಕಟ್ಟೆ’ ಎಂದು ಹೆಸರಿಟ್ಟೆ. ಅರಳಿಕಟ್ಟೆಯಂತೆ ನಾಲ್ಕು ತಾಲೂಕಿನ ಜನ ಬಂದು ಕೂಡಬೇಕು, ಪರೀಕ್ಷೆಯ ಸುದ್ದಿ, ಕಬ್ಬಿನ ಸುದ್ದಿ, ಬೇಕಾದವರಿಗೆ ರಕ್ತ ಕೊಡುವವರ ಸುದ್ದಿ ಎಲ್ಲ ಅಲ್ಲಿ ಸಿಗಬೇಕು ಎಂಬುದು ನನ್ನ ಕನಸು.

ಆದರೆ ನಾಲ್ಕು ತಾಲೂಕಿನಲ್ಲಿ ಮೋಡೆಮ್ ಇದ್ದ ಇನ್ನೊಬ್ಬ ಮನುಷ್ಯ ನನಗೆ ಗೊತ್ತಿದ್ದವನು ರಫೀಕ ಒಬ್ಬನೇ. ಅಥಣಿಯಲ್ಲಿ ನನ್ನ ಜೊತೆ ಓದಿದವನು. ಉಗಾರದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಸಂಜೆ ನಾಲ್ಕರ ಮೇಲೆ ಫೋನು ಹಚ್ಚುತ್ತೇನೆಂದು ಒಪ್ಪಿದ. ಇತ್ತ ನಮ್ಮ ಓಣಿಯ ಸಮಸ್ತರೂ ನಮ್ಮ ನಂಬರನ್ನು ತಮ್ಮದೇ ಎಂಬಂತೆ ಊರೂರಿಗೆ ಹಂಚಿದ್ದರು. ಲಗ್ನಪತ್ರಿಕೆಯಲ್ಲಿ, ಅಂಗಡಿಯ ರಸೀತಿಯಲ್ಲಿ ಎಲ್ಲ ನಮ್ಮ ನಂಬರು, ಪಕ್ಕದಲ್ಲಿ ‘ಪಿ.ಪಿ.’ ಎಂಬ ಎರಡಕ್ಷರ, ಅಂದರೆ ಪಕ್ಕದ ಮನೆಯ ಫೋನು, ಕರೆಸಿಕೊಡುತ್ತಾರೆ ಎಂದರ್ಥ. ನಾನು ಊಟದ ತಟ್ಟೆ ಬಿಟ್ಟೆದ್ದು ಹೋಗಿ ‘ಕೊಲ್ಹಾಪುರದಿಂದ ಫೋನ್ ಬಂದೈತಿ’ ಎಂದು ಓಣಿಯಲ್ಲಿ ಕೂಗಬೇಕು. ಹಾಗಾಗಿ ನಾಲ್ಕರಿಂದ ಆರರವರೆಗೆ ಫೋನು ಯಂತ್ರದ್ದು, ಯಾರೂ ಮುಟ್ಟಕೂಡದು ಎಂದು ಶೈಲಾಳಿಗೆ ಕಟ್ಟಪ್ಪಣೆ ಮಾಡಿದೆ.

“ಯಾರರೆ ಅರ್ಜೆಂಟ್ ಫೋನ್ ಮಾಡಿದ್ರ?” ಎಂದಳು.

“ನಾಲ್ಕರೊಳಗ ಮಾಡ್ಲಿ, ಇಲ್ಲಾ ಆರರ ಮ್ಯಾಲ ಮಾಡ್ಲಿ. ಅರ್ಜೆಂಟ್‌ಗೂ ಒಂದು ಶಿಸ್ತು ಬ್ಯಾಡೇನು?” ಎಂದೆ.

ಮೊದಲ ದಿನ ನಾಲ್ಕಕ್ಕೆ ಮುಂಚೆಯೇ ಫೋನು ರಿಂಗಣಿಸಿತು. ಮೋಡೆಮ್ ‘ಕಟ್’ ಎಂದು ಎತ್ತಿಕೊಂಡಿತು. ಕಾದ ಎಣ್ಣೆಗೆ ಒದ್ದೆ ಬೆಂಡೆಕಾಯಿ ಸುರುವಿದಂಥ ಸದ್ದು, ಅದರ ನಡುವೆ ಗಂಟಲು ಹಿಸುಕಿದ ಸೀಟಿ. ನನಗದು ಶಹನಾಯಿಯಂತೆ ಕೇಳಿಸಿ ಕೂತಲ್ಲಿಂದ ಎದ್ದು ಕುಣಿದೆ. ಆದರೆ ಪರದೆಯ ಮೇಲೆ ಏನೂ ಮೂಡದೆ ಲೈನು ಕಡಿಯಿತು. ಮತ್ತೆ ರಿಂಗಣಿಸಿತು, ಮತ್ತೆ ಅದೇ ಸೀಟಿ, ಮತ್ತೆ ಕಡಿಯಿತು. ನಾನು ಮೋಡೆಮ್ಮಿನ ತಂತಿ ಕಿತ್ತು ರಫೀಕನಿಗೆ ಫೋನು ಹಚ್ಚಿ, ನಿನ್ನ ಕಾರ್ಖಾನೆಯ ಡಬ್ಬಿ ಸರಿಯಿಲ್ಲ ಎಂದು ಬೈಯಲು ಹೊರಟೆ. ಅವನು ನನಗಿಂತ ಮೊದಲೇ ಶುರು ಮಾಡಿದ.

“ಅಲ್ಲಲೇ, ಇನ್ನೂ ನಾಲ್ಕ ಆಗಿಲ್ಲ, ನಾ ಹಚ್ಚೇ ಇಲ್ಲ. ಹಚ್ಚಿದಾಂವ ನಮ್ಮ ಅಣ್ಣಪ್ಪ!”

“ಯಾವ ಅಣ್ಣಪ್ಪ?”

“ನಿನ್ನ ಬಾಜೂ ಮನಿ ಭರಮಣ್ಣನ ತಮ್ಮ. ಇಲ್ಲೆ ಕಬ್ಬು ತೂಗೂ ಕಾಟಾದ ಮ್ಯಾಲ ಕೆಲಸಕ್ಕ ಅದಾನ. ಇಬ್ರೂ ಮಾತು ಬಿಟ್ಟು ಎಷ್ಟ ವರ್ಷ ಆತೋ ಏನೋ. ಕೈಕಾಲು ಬಿದ್ದು ಒಪ್ಪಿಸಿ, ನನ್ನ ಟೇಬಲ್ಲಿನ ಫೋನಿಂದ ನಿನ್ನ ನಂಬರ್ ಹಚ್ಚಿಸಿದ್ನಿ. ಅಂವ ‘ದಾದಾ’ ಅಂದಾನ, ಆ ಕಡಿಂದ ಕಿರ್ರ್ ಅಂತ! ಮತ್ತ ಹಚ್ಚಿದ, ಮತ್ತ ಕಿರ್ರ್! ‘ನನ್ನ ದನಿ ಕೇಳಿದ್ರ ಸಾಕು, ಹಲ್ಲ ಕಡ್ಯಾಕತ್ತಾನ ನೋಡು’ ಅಂತ ಫೋನ್ ಕುಕ್ಕಿ ಹೋಗ್ಯಾನ.”

ಭರಮಣ್ಣ ತಂಬಾಕು ದಾಸ್ತಾನಿಡುವ ವಖಾರಿಯಲ್ಲಿ ಮಾಲಿನ ದರ್ಜೆ ನೋಡುವವನು. ಅವನು ಬಂದನೆಂದರೆ ಮೊದಲು ತಂಬಾಕಿನ ಘಾಟು ಬರುತ್ತದೆ, ನಂತರ ದನಿ, ಆಮೇಲೆ ಅವನು. ಈ ಸುದ್ದಿಯನ್ನು ಅವನಿಗೆ ನಯವಾಗಿ ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಶೈಲಾ ಹಿತ್ತಲ ಗೋಡೆಯ ಮೇಲಿಂದ ಎಲ್ಲವನ್ನೂ ದಾಟಿಸಿಬಿಟ್ಟಿದ್ದಳು. ಘಾಟು ಬಂತು.

“ಸರ, ನನ್ನ ತಮ್ಮ ಫೋನ್ ಮಾಡಿದ್ನಂತಲ್ರಿ?”

“ಹೌದ್ರಿ ಭರಮಣ್ಣ. ಆದ್ರ ಅದನ್ನ ಮಷೀನ್ ಎತ್ತಿಕೊಂಡ್ತು.”

“ಮಷೀನ್ ಯಾಕ ಎತ್ತಬೇಕ್ರಿ? ಮನ್ಯಾಗ ಮನಷ್ಯಾರ ಇದ್ದಿದ್ದಿಲ್ಲೇನು?”

ಆ ಪತ್ರಿಕೆಯವರಾಗಲಿ, ಪುಸ್ತಕದವನಾಗಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ನೀವೇ ಒಂದು ಫೋನು ಹಚ್ಚಿ ಮಾತಾಡಿ, ಎಲ್ಲ ಸರಿಹೋಗುತ್ತದೆ ಎಂದೆ. “ನಾ ಯಾಕ ಮಾಡ್ಲಿ? ಎಮ್ಮಿ ಮಾತು ಮೊದಲ ತಗದಾಂವ ಅಂವ” ಎಂದು ಗರ್ಜಿಸಿದ. ಆಗ ಎಮ್ಮೆಯ ಕಥೆ ಹೊರಬಿತ್ತು. ಭರಮಣ್ಣ ಉಗಾರ ಬುದ್ರುಕ ಬಿಟ್ಟು ಕೆಲಸಕ್ಕೆಂದು ನಿಪ್ಪಾಣಿಗೆ ಬರುವಾಗ ಮನೆಯ ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದ. ಅವ್ವನೇ ಕೊಟ್ಟಳೆಂದು ಅವನು, ಕೇಳದೆ ಒಯ್ದನೆಂದು ತಮ್ಮ. ಎಮ್ಮೆ ಸತ್ತು ಯಾವುದೋ ಕಾಲವಾಗಿತ್ತು. ಅದರ ಜಗಳ ಮಾತ್ರ ಎರಡೂ ಹೊತ್ತು ಹಾಲು ಕೊಡುತ್ತಿತ್ತು.

ನನಗೊಂದು ಉಪಾಯ ಹೊಳೆಯಿತು. “ಮಾತಾಡಬ್ಯಾಡ್ರಿ, ಹೇಳ್ರಿ. ನಾ ಬರದು ಇದರಾಗ ಇಡ್ತೀನಿ. ಅಲ್ಲಿಂದ ರಫೀಕ ತಗದು ಅಣ್ಣಪ್ಪಗ ಓದಿ ಹೇಳ್ತಾನ. ಅಂವ ಹೇಳಿದ್ದು ಹಿಂಗ ನಿಮಗ ಬರ್ತೈತಿ.”

“ನಾ ಹೇಳೂಮುಂದ ನಡುವ ಬಾಯಿ ಹಾಕಾಕ ಬರೂದಿಲ್ಲೇನು ಅವಂಗ?”

“ಬರೂದಿಲ್ಲ.”

ಭರಮಣ್ಣನ ಮುಖ ಅರಳಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

ಹೀಗೆ ನಾಲ್ಕು ತಾಲೂಕಿನ ಜ್ಞಾನಭಂಡಾರವಾಗಬೇಕಿದ್ದ ನನ್ನ ಕಟ್ಟೆಯ ಮೇಲೆ ಮೊದಲು ಬಂದು ನಿಂತದ್ದು ಒಂದು ಸತ್ತ ಎಮ್ಮೆ. ದಿನಾ ಸಂಜೆ ವಖಾರಿಯಿಂದ ನೇರ ನಮ್ಮ ಮನೆಗೇ ಬಂದು ಭರಮಣ್ಣ ಬೈಗುಳ ಹೇಳುತ್ತಿದ್ದ. ನಾನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದೆ. ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಅವನು ಪರದೆಗೆ ಮೂಗು ತಾಗಿಸಿ ನೋಡಿ, “ಇದರಾಗ ಸಿಟ್ಟ ಕಾಣವಲ್ದಲ್ರಿ ಸರ” ಎನ್ನುತ್ತಿದ್ದ. ನಾನು ಆಶ್ಚರ್ಯಸೂಚಕ ಚಿಹ್ನೆ ಹಾಕಿ ತೋರಿಸಿದೆ. ಅದು ಅವನಿಗೆ ಬಹಳ ಹಿಡಿಸಿತು. “ಆ ಬಡಿಗಿ ಚುಕ್ಕಿ ಇನ್ನೊಂದೆರಡು ಹಾಕ್ರಿ. ಬಡಿಗಿ ಕಂಡರ ತಿಳೀತೈತಿ ಅವಂಗ.” ಶೈಲಾ ಅವನಿಗೆ ಚಹಾ ಕೊಡುವಳು. ನನ್ನ ಚಹಾ ಆರುವುದು. ನಾನು ಒಳಗೊಳಗೇ ಕುದಿಯುವೆ.

ಆದರೂ ನಾನೊಬ್ಬ ಉಪನ್ಯಾಸಕ, ಫಲಕಕ್ಕೊಂದು ಮರ್ಯಾದೆ ಬೇಡವೆ? ‘ನಿನ್ನ ಬಾಯಾಗ ಮಣ್ಣ ಬೀಳ್ಲಿ’ ಎಂದು ಅವನು ಹೇಳಿದರೆ ‘ನಿನ್ನ ಮಾತು ನನಗೆ ಸರಿ ಬರಲಿಲ್ಲ’ ಎಂದು ಬರೆಯತೊಡಗಿದೆ. ಬಡಿಗೆಗಳನ್ನು ಮಾತ್ರ ಅವನ ಸಮಾಧಾನಕ್ಕೆ ಹಾಗೇ ಬಿಟ್ಟೆ. ಆ ಕಡೆಯಿಂದ ಬರುತ್ತಿದ್ದ ಉತ್ತರವೂ ದಿನದಿನಕ್ಕೆ ಮೆತ್ತಗಾಗುತ್ತ ಬಂತು. ಒಂದು ದಿನವಂತೂ ‘ದಾದಾ, ನಿನ್ನ ತಬ್ಯೇತ್ ಹೇಗಿದೆ’ ಎಂದೇ ಬಂತು. ರಫೀಕನೂ ಅಲ್ಲಿ ಇದೇ ದಂಧೆ ನಡೆಸಿದ್ದನೆಂದು ನನಗೇನು ಗೊತ್ತು? ಇದರ ಮೇಲೆ ಲೈನಿನ ಕಾಟ ಬೇರೆ. ತಂತಿ ಹಾದುಬರುವ ಕಾಗವಾಡದ ಕಡೆ ಮೋಡ ಕವಿದರೆ ಸಾಕು, ತಂತಿಯೊಳಗೆ ಗುಸುಗುಸು ಶುರುವಾಗಿ ಪರದೆಯ ಮೇಲೆ ಅಕ್ಷರಗಳ ಬದಲು ಡೊಂಕು ಗೆರೆ, ಬಾಲದ ಕಂಸಗಳ ರಾಶಿ ಬೀಳುತ್ತಿತ್ತು. ಒಮ್ಮೆ ಅಣ್ಣಪ್ಪನ ಉತ್ತರದ ಕೊನೆಯ ಸಾಲು ಪೂರ್ತಿ ಹಾಗೇ ಬಂತು. “ಇದೇನ್ರಿ?” ಎಂದ ಭರಮಣ್ಣ. “ಕಸ” ಎಂದು ಅಳಿಸಿಹಾಕಿದೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಬಿಳಿ ಟೋಪಿ ಹಾಕಿಕೊಂಡವನೊಬ್ಬ ಬಾಗಿಲಲ್ಲಿ ನಿಂತು, “ಆ ಒದರೂ ಮಷೀನಿನ ಮನಿ ಇದ ಏನ್ರಿ?” ಎಂದ. ಅಣ್ಣಪ್ಪ! ಅಣ್ಣ ಇಷ್ಟು ಮೆತ್ತಗಾದ ಮೇಲೆ ತಾನು ಬಿಗಿದುಕೊಂಡು ಕೂಡುವುದು ಸರಿಯಲ್ಲವೆಂದು ಬಸ್ಸು ಹತ್ತಿದ್ದ. ಆದರೆ ನೇರ ಅಣ್ಣನ ಮನೆಗೆ ಹೋಗಲು ಮನಸ್ಸಾಗದೆ ನಮ್ಮಲ್ಲಿಗೆ ಬಂದಿದ್ದ. ಶೈಲಾ ಗೋಡೆಯ ಕಡೆ ಓಡಿದಳು. ಭರಮಣ್ಣ ಬಂದ. ಇಬ್ಬರೂ ನಮ್ಮ ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತರು. ಜೀವಮಾನದ ಸಾರ್ಥಕ ಕ್ಷಣವೆಂದು ನಾನು ಎದೆಯುಬ್ಬಿಸಿದೆ.

“ತಬ್ಯೇತ್ ಹೆಂಗೈತಿ ಅಂತ ಕೇಳಿದ್ಯಲ್ಲ. ಚಲೋ ಐತಿ” ಎಂದ ಭರಮಣ್ಣ.

“ನಾ ಯಾವಾಗ ಕೇಳೀನಿ? ‘ನಾಚಿಕಿ ಐತೇನು ನಿನಗ’ ಅಂತ ಕೇಳಿದ್ನಿ. ಮಾತು ಸರಿ ಬರಲಿಲ್ಲ ಅಂತ ನೀನ ನರಮ್ ಆಗಿ ಬರಸಿದ್ಯಲ್ಲ, ಅದಕ್ಕ ಬಂದೀನಿ.”

“ನರಮ್? ನಿನ್ನ ಬಾಯಾಗ ಮಣ್ಣ ಬೀಳ್ಲಿ ಅಂತ ಬರಸಿದ್ನಿ ನಾ!”

ಇಬ್ಬರೂ ನಿಧಾನವಾಗಿ ನನ್ನತ್ತ ತಿರುಗಿದರು. ಅಷ್ಟರಲ್ಲಿ ಅಣ್ಣಪ್ಪನ ದನಿ ಒಡೆಯಿತು. “ಅದೆಲ್ಲಾ ಹೋಗ್ಲಿ ದಾದಾ. ಅವ್ವ ಸಾಯೂಮುಂದ ಆ ಎಮ್ಮಿ ಹಾಲ ಬೇಕಂತ ಜೀವ ಹಿಡಕೊಂಡಿದ್ಲು ಅಂತ ಬರಸಿದ್ನಿ. ಅದಕ್ಕರೆ ಒಂದ ಮಾತು ಹೇಳಬಾರದೇನು ನೀನು?”

“ಯಾವಾಗ ಬರಸಿದಿ? ನನಗ ಬಂದ ಇಲ್ಲ.”

“ಬ್ಯಾರೆ ಹಾಲು ಬಾಯಿಗೆ ಹಚ್ಚಲಿಲ್ಲ ಆಕಿ. ಎಮ್ಮಿ ಎಲ್ಲೈತಿ, ಎಮ್ಮಿ ಎಲ್ಲೈತಿ ಅಂತಿದ್ಲು.”

ಭರಮಣ್ಣ ಕುಸಿದವನಂತೆ ನಮ್ಮ ಮಂಚದ ಮೇಲೆ ಕೂತ. ಆ ದೊಡ್ಡ ದನಿ ಎಲ್ಲಿ ಹೋಯಿತೋ. “ಒಂದ ಮಾತು ಹೇಳಿ ಕಳಿಸಿದ್ರ ಎಮ್ಮಿ ಹೊಡಕೊಂಡು ನಡಕೋಂತ ಬರ್ತಿದ್ನಲ್ಲೋ ಅಣ್ಣಪ್ಪಾ...” ಎಂದ.

“ಸಿಟ್ಟಿನ್ಯಾಗ ಇದ್ನಿ ದಾದಾ” ಎಂದು ತಮ್ಮ ಟೋಪಿ ತೆಗೆದು ಪಕ್ಕದಲ್ಲಿ ಕೂತ. ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಜೇಬಿನಲ್ಲಿ ಕರವಸ್ತ್ರ ಹುಡುಕಿದೆ, ಸುಳ್ಳೇಕೆ ಹೇಳಲಿ. ಆದರೆ ಅದನ್ನು ಹೊರತೆಗೆಯಲು ಅವಕಾಶವೇ ಸಿಗಲಿಲ್ಲ. ಅಣ್ಣತಮ್ಮಂದಿರು ಮೂಗು ಸೀಟಿಕೊಂಡು ಒಟ್ಟಿಗೆ ನನ್ನ ಮೇಲೆ ಬಿದ್ದರು. ಬೈಗುಳ ನುಂಗಿದ್ದಲ್ಲದೆ ಅವ್ವನ ಮಾತನ್ನೂ ನುಂಗಿದಿರಲ್ಲ, ಸಾಲಿ ಕಲಿತವರು ಮಾಡುವ ಕೆಲಸವೇ ಇದು ಎಂದು ಅಣ್ಣ ಶುರು ಮಾಡಿದರೆ ತಮ್ಮ ಮುಗಿಸುವನು. ತಮ್ಮ ಶುರು ಮಾಡಿದರೆ ಅಣ್ಣ ಮುಗಿಸುವನು. ಬೈಗುಳ ನುಂಗಿದ್ದು ನಿಜ, ಹಾಲಿನ ಸಾಲು ನುಂಗಿದ್ದು ಲೈನು ಎಂದು ನಾನು ಕೂಗಿ ಹೇಳಿದೆ. ತಂತಿ, ಸಂಕೇತ, ಗದ್ದಲ ಎಂದು ಭೌತಶಾಸ್ತ್ರವನ್ನೆಲ್ಲ ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಸಾಕು ಬಿಡ್ರಿ, ಅವರು ಒಂದಾಗ್ಯಾರಲ್ಲ” ಎಂದಳು ಶೈಲಾ. ಒಂದಾದರು, ಸರಿ. ನನ್ನನ್ನು ಬೈಯಲೇ ಒಂದಾಗಬೇಕೆ?

ಅಂದಿನಿಂದ ಅಣ್ಣಪ್ಪ ರಫೀಕನ ಟೇಬಲ್ಲಿನಿಂದ ದಿನಾ ಅಣ್ಣನಿಗೆ ಫೋನು ಮಾಡತೊಡಗಿದ. ಯಾವಾಗ? ವಖಾರಿ ಬಿಟ್ಟ ಮೇಲೆ, ಅಂದರೆ ಸರಿಯಾಗಿ ನನ್ನ ಕಟ್ಟೆ ತೆರೆಯುವ ವೇಳೆಗೆ. ಮೋಡೆಮ್ಮಿನ ತಂತಿಯನ್ನು ಶೈಲಾಳೇ ಕಿತ್ತು ಸುತ್ತಿಟ್ಟಳು. ಎಳೆ ಕಬ್ಬು, ಮಗಳ ಸಾಲಿ, ನಿನ್ನೆಯ ಪಲ್ಯದ ಉಪ್ಪು ಎಲ್ಲವನ್ನೂ ಅವರು ಸಾವಕಾಶವಾಗಿ ಚರ್ಚಿಸುತ್ತಿದ್ದರು. ನಾನು ಬೇರೆ ದಾರಿಯಿಲ್ಲದೆ ಯಾರೂ ಓದದ ಫಲಕಕ್ಕೆ ಪರೀಕ್ಷೆಯ ವೇಳಾಪಟ್ಟಿಯನ್ನು ಏರಿಸುತ್ತ, ಒಂದೊಂದು ಕೀಲಿಯನ್ನೂ ಭರಮಣ್ಣನ ತಲೆಯೆಂದು ಭಾವಿಸಿ ಕುಟ್ಟುತ್ತ ಕೂತೆ. ಒಂದು ದಿನ ತಾಳ್ಮೆ ಕೆಟ್ಟು, ಇದು ಮನೆಯೋ ಬಸ್ ಸ್ಟ್ಯಾಂಡೋ, ನಂಬರು ಯಾರದು, ಕಟ್ಟೆ ಯಾರದು, ನಾಲ್ಕರಿಂದ ಆರು ಯಾರ ಹೊತ್ತು ಎಂದು ಬಾಯಿಗೆ ಬಂದದ್ದನ್ನೆಲ್ಲ ಕಿರುಚಿದೆ. ಭರಮಣ್ಣ ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಮರುಕದಿಂದ ನೋಡಿದ. ಆಮೇಲೆ ಕೈ ತೆಗೆದು ತಮ್ಮನಿಗೆ ಸಮಾಧಾನ ಹೇಳಿದ:

“ಏನಿಲ್ಲೋ, ಗಾಬರಿ ಆಗಬ್ಯಾಡ. ಮಷೀನ್ ಸುಮ್ನ ಕುಂತೈತಿ. ಇದು ನಮ್ಮ ಸರ.”