ತೊಂಬತ್ತು-ತೊಂಬತ್ತರ ದುರ್ಬೀನಿಗೆ ಐದು ನಕ್ಷತ್ರ ಕೊಟ್ಟ ಪುಣ್ಯಾತ್ಮರಿಗೆ

ಮಾನ್ಯ ದೃಢೀಕೃತ ಗ್ರಾಹಕರೇ,

ತುಂಗಭದ್ರೆಯ ದಂಡೆಯ ಬುಕ್ಕಸಾಗರದಿಂದ ಕನಕರಾಜ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ತಮ್ಮ ಎರಡೂ ಕಣ್ಣುಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಹೆಸರು, ಊರು ಯಾವುದೂ ನನಗೆ ತಿಳಿಯದು. ಆನ್‌ಲೈನ್ ಅಂಗಡಿಯವರು ಹೆಸರಿನ ಜಾಗದಲ್ಲಿ 'ದೃಢೀಕೃತ ಗ್ರಾಹಕ' ಎಂದಷ್ಟೇ ಬರೆದು, ಪಕ್ಕದಲ್ಲೊಂದು ಹಸಿರು ಗುರುತು ಹಾಕಿ ಕೈತೊಳೆದುಕೊಂಡಿದ್ದಾರೆ. ವಿಳಾಸವಿಲ್ಲದವರಿಗೆ ಅಂಚೆಯಲ್ಲಿ ಕಳಿಸುವುದು ಹೇಗೆಂದು ತಿಳಿಯದೆ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ತೊಂಬತ್ತು-ತೊಂಬತ್ತು ಎಂಬ ನಂಬರಿನ ದುರ್ಬೀನಿಗೆ ಐದು ನಕ್ಷತ್ರಗಳನ್ನು ದಯಪಾಲಿಸಿ ತಾವು ಬರೆದ ಸಾಲುಗಳು ನನಗೆ ಬಾಯಿಪಾಠವಾಗಿವೆ. 'ಸೂಪರ್ ಐಟಂ. ಚಂದ್ರನ ಮೇಲಿನ ಗುಂಡಿಗಳೂ ಕಾಣುತ್ತವೆ. ಪ್ಯಾಕಿಂಗ್ ಚೆನ್ನಾಗಿದೆ. ಡಬ್ಬಿ ಇನ್ನೂ ತೆರೆದಿಲ್ಲ.' ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದರೆ ಡಬ್ಬಿ ತೆರೆಯದೆ ಚಂದ್ರನನ್ನು ನೋಡಿಬಂದವರು ತಾವೊಬ್ಬರೇ. ಕೊನೆಯ ಸಾಲನ್ನು ನಾನು ಆಗ ಓದಲಿಲ್ಲ. ಚಂದ್ರನ ಹತ್ತಿರವೇ ನಿಂತುಬಿಟ್ಟೆ.

ದುರ್ಬೀನು ನನಗೇಕೆ ಬೇಕಾಯಿತೆಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮದು ಭತ್ತದ ಗದ್ದೆ. ನೀರು ನೋಡಲು ಬೆಳಿಗ್ಗೆ ಬೇಗನೆ ಹೊಳೆಯ ಕಡೆ ಹೋಗುವುದು ಚಿಕ್ಕಂದಿನಿಂದ ಅಭ್ಯಾಸ, ಹಾಗಾಗಿ ಅಲ್ಲಿನ ನೀರುನಾಯಿಗಳ ಪರಿಚಯ ನನಗೆ ನಮ್ಮ ಬೀಗರ ಪರಿಚಯಕ್ಕಿಂತ ಹೆಚ್ಚು. ಯಾವ ಬಂಡೆಯ ಸಂದಿಯಲ್ಲಿ ಮರಿ ಹಾಕುತ್ತವೆ, ಯಾವ ಮಡುವಿನಲ್ಲಿ ಮೀನು ಅಟ್ಟುತ್ತವೆ, ಎಲ್ಲ ಬಲ್ಲೆ. ಹೊಸಪೇಟೆಯ ಶೈಲಜಾ ಮೇಡಂ ಕಮಲಾಪುರದ ಹತ್ತಿರ ಒಂದು ಹೋಂಸ್ಟೇ ನಡೆಸುತ್ತಾರೆ. ಹಂಪಿ ನೋಡಲು ಬಂದ ಅತಿಥಿಗಳಿಗೆ ಹೊಳೆಯ ಪ್ರಾಣಿ-ಪಕ್ಷಿ ತೋರಿಸಲು ಒಬ್ಬ ಗೈಡ್ ಬೇಕು, ಆದರೆ ದುರ್ಬೀನು ಅವನದೇ ಇರಬೇಕು ಎಂದು ಅವರು ಹೇಳಿ ಕಳಿಸಿದರು. ಆ ಕೆಲಸ ನನಗೆ ಬಹಳ ಬೇಕಿತ್ತು. ನಾಟಿ, ಕಳೆ, ಕೊಯ್ಲು ಊರಿನ ಎಲ್ಲರಿಗೂ ಬರುತ್ತದೆ. ನಾಲ್ಕು ಮಂದಿ ಸುಮ್ಮನೆ ನಿಂತು ಕೇಳುವಂಥದ್ದು ನನ್ನ ಬಳಿ ಇರುವುದು ಇದೊಂದೇ.

ಸರಿ, ಆಯ್ಕೆಗೆಂದು ಮನೆಯಲ್ಲಿ ಸಭೆ ಸೇರಿತು. ಫೋನಿನಲ್ಲಿ ಮೊದಲು ಕಂಡದ್ದು ಎಂಟು-ನಲವತ್ತೆರಡರ ಒಂದು ಸಾಧು ದುರ್ಬೀನು. ನಮ್ಮಪ್ಪ ಹುಲುಗಪ್ಪನವರು ಜೀವಮಾನವಿಡೀ ಗೊಬ್ಬರದ ಚೀಲ ಕೊಂಡವರು. ಚೀಲದ ಮೇಲೆ ಹತ್ತು-ಇಪ್ಪತ್ತಾರು-ಇಪ್ಪತ್ತಾರು, ಹದಿನೇಳು-ಹದಿನೇಳು-ಹದಿನೇಳು ಎಂದು ನಂಬರು ಇರುತ್ತದೆ, ನೂರು ಕೆಜಿಯಲ್ಲಿ ಯಾವ ಸತ್ವ ಎಷ್ಟು ಕೆಜಿ ಎಂಬ ಲೆಕ್ಕ ಅದು, ನಂಬರು ದೊಡ್ಡದಾದಷ್ಟೂ ಸತ್ವ ಹೆಚ್ಚು. ಅದೇ ಕಣ್ಣಿನಿಂದ ಫೋನನ್ನು ನೋಡಿ, "ಎಂಟು-ನಲವತ್ತೆರಡು ಅಂದ್ರ ಏನೈತಲೇ ಅದ್ರಾಗ? ಬರೇ ಎಂಟು. ತೊಂಬತ್ತು-ತೊಂಬತ್ತು ತಗಾ, ಒಂದು ಸಲ ತಂದ್ರ ಮತ್ತ ನೋಡಂಗಿಲ್ಲ" ಎಂದು ತೀರ್ಪು ಕೊಟ್ಟರು. ಈ ಕೊನೆಯ ಮಾತು ಅಕ್ಷರಶಃ ನಿಜವಾಯಿತು. ನನ್ನ ಹೆಂಡತಿ ಉಚ್ಚೆಂಗಮ್ಮ ಕುಪ್ಪಸದ ಬಟ್ಟೆ ಆರಿಸುವ ಗಂಭೀರತೆಯಲ್ಲಿ ಗಾಜನ್ನು ನೋಡಿ, "ಆ ಕೆಂಪಂದು ತರ್ಸ್ರಿ, ಮಸ್ತ್ ಮಿಂಚ್ತೈತಿ" ಎಂದಳು. ತೂಕ ಒಂದೂವರೆ ಕೆಜಿ ಎಂದು ಓದಿದಾಗ ಮಾಲು ಗಟ್ಟಿ ಎಂದು ಮನೆಮಂದಿಯೆಲ್ಲ ಒಪ್ಪಿದರು. ಇಷ್ಟಾದರೂ ನನಗೊಂದು ಅಳುಕಿತ್ತು. ತಮ್ಮ ಐದು ನಕ್ಷತ್ರಗಳು ಅದನ್ನೂ ತೆಗೆದುಹಾಕಿದವು.

ಡಬ್ಬಿ ಬಂತು. ತಾವು ಹೇಳಿದಂತೆ ಪ್ಯಾಕಿಂಗ್ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೊದಲ ನಂಬರು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆಂಬ ಲೆಕ್ಕ, ಎರಡನೆಯದು ಮುಂದಿನ ಗಾಜಿನ ಅಗಲ, ಅದೂ ಮಿಲಿಮೀಟರಿನಲ್ಲಿ, ಎಂಬುದು ನನಗೆ ತಿಳಿದದ್ದು ಡಬ್ಬಿ ತೆರೆದ ಮೇಲೆ. ಸ್ಕೇಲ್ ಇಟ್ಟು ಅಳೆದರೆ ತೊಂಬತ್ತಿರಬೇಕಾದ ಗಾಜು ಮೂವತ್ತೆಂಟಕ್ಕೆ ನಿಂತಿತು. ಗೊಬ್ಬರದಂಗಡಿಯವನು ತೊಂಬತ್ತು-ತೊಂಬತ್ತು ಎಂದಿದ್ದರೆ, ನೂರು ಕೆಜಿಯಲ್ಲಿ ನೂರೆಂಬತ್ತು ಕೆಜಿ ಸತ್ವ ಹೇಗೆ ಬಂತು ಎಂದು ನಮ್ಮಪ್ಪನೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು. ದುರ್ಬೀನಿನ ವಿಷಯದಲ್ಲಿ ಮಾತ್ರ ನಾವು ಅಪ್ಪ-ಮಗ ಇಬ್ಬರೂ ಕೈಮುಗಿದು ನಂಬಿದೆವು. ವಾಪಸ್ಸು ಕಳಿಸೋಣವೆಂದರೆ ಗೈಡ್ ಕೆಲಸಕ್ಕೆ ಮೇಡಂ ಇಟ್ಟಿದ್ದ ಪರೀಕ್ಷೆ ಮರುದಿನವೇ ಇತ್ತು.

ಭಾನುವಾರ ನಸುಕಿನಲ್ಲಿ ಶೈಲಜಾ ಮೇಡಂ ಹೊಳೆಗೆ ಬಂದರು. ಜೊತೆಗೆ ಅದೇ ಕೆಲಸಕ್ಕೆ ಬಂದ ಇನ್ನೊಬ್ಬ, ಚಿತ್ತವಾಡ್ಗಿಯಲ್ಲಿ ಆಟೋ ಓಡಿಸುವ ರಾಮಾಂಜಿನಿ. ನನ್ನ ಪುಣ್ಯಕ್ಕೆ ತಾಯಿ ನೀರುನಾಯಿ ಆಚೆ ದಂಡೆಯಲ್ಲೇ ಇತ್ತು. "ಆ ಕರಿಬಂಡಿ ಬುಡಕ್ಕ ನೋಡ್ರಿ ಮೇಡಂ, ತಾಯಿ ಐತಿ, ಹಿಂದ ಎರಡು ಮರಿ ಅದಾವು" ಎಂದು ಬರಿಗಣ್ಣಲ್ಲೇ ತೋರಿಸಿ ದುರ್ಬೀನನ್ನು ಅವರ ಕೈಗಿಟ್ಟೆ. ಅವರು ಕನ್ನಡಕದವರು. ಕನ್ನಡಕ ಹಾಕಿ ನೋಡಿದರೆ ಕಾಸಿನಗಲದ ಬೆಳಕು, ತೆಗೆದು ನೋಡಿದರೆ ಕತ್ತಲೆ. ಉಚ್ಚೆಂಗಮ್ಮನ ಪ್ರೀತಿಯ ಕೆಂಪು ಗಾಜು ಇದ್ದಬದ್ದ ಬೆಳಕನ್ನು ಹೊರಗೇ ನಿಲ್ಲಿಸಿತ್ತು. ಒಂದೂವರೆ ಕೆಜಿಯ ಭಾರಕ್ಕೆ ಕೈ ನಡುಗಿ ಹೊಳೆ, ಬಂಡೆ, ಬಾಳೆತೋಟ ಎಲ್ಲವೂ ಕುಣಿದವು. "ಕನಕರಾಜ್, ಇದ್ರಾಗ ನನ್ನ ರೆಪ್ಪಿ ಬಿಟ್ರ ಬ್ಯಾರೆ ಏನೂ ಕಾಣವಲ್ದು" ಎಂದು ಅವರು ಸಮಾಧಾನವಾಗಿಯೇ ಹೇಳಿದರು. ರಾಮಾಂಜಿನಿ ತನ್ನ ಎಂಟು-ನಲವತ್ತೆರಡನ್ನು ಕೊಟ್ಟ. ಅವನು ಆಟೋದ ಬಿಡಿಭಾಗ ಕೊಳ್ಳುವವನ ಹಾಗೆ ಅಂಗಡಿಗೇ ಹೋಗಿ, ಮೂರು ದುರ್ಬೀನು ಹಿಡಿದು, ಅಲ್ಲಾಡಿಸಿ, ಹೊರಗೆ ನಿಂತು ಎದುರಿನ ಬೋರ್ಡು ಓದಿ, ಕಣ್ಣಿಗೆ ಒಗ್ಗಿದ್ದನ್ನು ತಂದವನು. ಮೇಡಂ ಅದರಲ್ಲಿ ನೋಡಿ ಮಗುವಿನಂತೆ ನಕ್ಕರು. ಕೆಲಸ ರಾಮಾಂಜಿನಿಗೆ ಹೋಯಿತು.

ಈ ರಾಮಾಂಜಿನಿ ಒಳ್ಳೆಯವನು, ಆದರೆ ಒದ್ದೆ ಕಲ್ಲಿಗೂ ನೀರುನಾಯಿಗೂ ಅವನಿಗೆ ವ್ಯತ್ಯಾಸ ಗೊತ್ತಿಲ್ಲ. ಮೊದಲ ವಾರ ಅತಿಥಿಗಳಿಗೆ ಅರ್ಧ ಗಂಟೆ ಒಂದು ಬಂಡೆ ತೋರಿಸಿದ. ಎರಡನೆಯ ವಾರದಿಂದ ನನಗೆ ಫೋನು. "ಅಣ್ಣ, ಸುಮ್ನ ಬಂದು ಬಟ್ಟು ಮಾಡಿ ತೋರ್ಸಣ್ಣ, ಉಳಿದದ್ದು ನಾ ನೋಡ್ಕಂತೀನಿ" ಎಂದ. ಅಂದಿನಿಂದ ಗದ್ದೆಯಲ್ಲಿ ನಿಂತು ನಾನು ಬೆರಳು ತೋರಿಸುತ್ತೇನೆ, 'ಗೈಡ್' ಎಂದು ಬರೆದ ಅಂಗಿ ತೊಟ್ಟು ಅವನು ವಿವರಿಸುತ್ತಾನೆ, ಮಂದಿ ಅವನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ಅವನ ದುರ್ಬೀನಿನಲ್ಲಿ ನಾನೂ ನೋಡಿದೆ. ಮೂವತ್ತು ವರ್ಷ ಕಂಡ ಪ್ರಾಣಿಯ ಮೀಸೆಯ ಮೇಲಿನ ನೀರಹನಿ ಅಂದೇ ಮೊದಲು ಕಂಡದ್ದು. ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ, ಅವನು ಎರಡು ಸಲ ಕೇಳುವವರೆಗೂ ದುರ್ಬೀನನ್ನು ವಾಪಸ್ಸು ಕೊಡಲಿಲ್ಲ. ಮನೆಗೆ ಬಂದು ಹೇಳಿದರೆ ಉಚ್ಚೆಂಗಮ್ಮ, "ಹುಡುಕಾದು ನೀವು, ತೋರ್ಸಾದು ಅವ. ಹಂಗಾದ್ರ ಗೈಡ್ ಯಾರ್ರೀ?" ಎಂದಳು.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಚಂದ್ರನಿಂದ ಇಳಿಯುವ ದಾರಿಯಲ್ಲಿ ಬುಕ್ಕಸಾಗರಕ್ಕೆ ಬಂದು, ಆಚೆ ದಂಡೆಯ ಬಂಡೆಯ ಮೇಲೆ ಒಂದು ಬೆಳಿಗ್ಗೆ ಕೂಡಬೇಕು. ತಮ್ಮ ಮೆಚ್ಚಿನ ದುರ್ಬೀನಿನಲ್ಲಿ ನಾನು ತಮ್ಮನ್ನು ನೋಡುತ್ತೇನೆ; ಕಂಡರೆ ಕ್ಷಮೆ ಕೇಳುತ್ತೇನೆ. ಬರಲಾಗದಿದ್ದರೆ ಕಡೇಪಕ್ಷ ಇನ್ನೊಂದು ಉಪಕಾರ ಮಾಡಿ. ಶೈಲಜಾ ಮೇಡಂ ಇನ್ನೊಬ್ಬ ಗೈಡನ್ನು ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರಂತೆ, ಈ ಸಲ ಅವರೂ ಎಲ್ಲರಂತೆ ನಕ್ಷತ್ರ ಎಣಿಸಿಯೇ ಆರಿಸುತ್ತಾರಂತೆ. ತೆರೆಯದ ಡಬ್ಬಿಯನ್ನು ಅಷ್ಟು ಹೊಗಳಿದ ತಾವು, ನೋಡದ ಈ ಮನುಷ್ಯನ ಬಗ್ಗೆಯೂ ಎರಡು ಸಾಲು ಬರೆದು ಐದು ನಕ್ಷತ್ರ ಕೊಟ್ಟುಬಿಡಿ. ಈ ಸಲವಾದರೂ ತಾವು ಬರೆದದ್ದು ನಿಜವಾಗಿರುತ್ತದೆ.

ಇಂತಿ, ಬರಿಗಣ್ಣಿನ
ತಮ್ಮ ವಿಶ್ವಾಸಿ,
ಕನಕರಾಜ, ಬುಕ್ಕಸಾಗರ

ತಾ.ಕ.: ತಮ್ಮ ಸಾಲುಗಳ ಕೆಳಗೆ ನಾನೂ ಒಂದು ನಕ್ಷತ್ರ ಕೊಟ್ಟು, 'ತೊಂಬತ್ತು-ತೊಂಬತ್ತರಲ್ಲಿ ಏನೂ ಕಾಣುವುದಿಲ್ಲ, ಯಾರೂ ಕೊಳ್ಳಬೇಡಿ' ಎಂದು ಬರೆದಿದ್ದೇನೆ. ಅದನ್ನು ಓದಿದ ಚೋರನೂರಿನವರೊಬ್ಬರು, 'ತೊಂಬತ್ತು ಸಾಲಲ್ಲ ಅಂದ್ರ ನೂರಿಪ್ಪತ್ತರದು ಸಿಗುತ್ತೇನ್ರಿ?' ಎಂದು ಕೇಳಿದ್ದಾರೆ. ಅವರಿಗೆ ತಾವೇ ಉತ್ತರಿಸಿ.